ಬಿಟ್ಟರೂ ಚಟ ಮರಳುವುದೇಕೆ?

‘ತಮ್ಮನನ್ನು ಡಿ-ಅಡಿಕ್ಷನ್ ಸೆಂಟರಿಗೆ ಸೇರಿಸಿದ್ದೆವು. ಅಲ್ಲಿದ್ದಷ್ಟು ದಿನ ಹೆರಾಯಿನ್ ಮುಟ್ಟಲಿಲ್ಲ. ಮನೆಗೆ ಬಂದ ವಾರದಲ್ಲೇ ಮತ್ತೆ ಶುರು. ಬಿಡುವ ಮನಸ್ಸೇ ಅವನಿಗಿಲ್ಲ ಅಲ್ಲವೇ?’ ಇದು ಓದುಗರೊಬ್ಬರ ಪ್ರಶ್ನೆ.

ತಮ್ಮನ ಮನಸ್ಸನ್ನು ದೂರುವ ಮೊದಲು ವಿಯೆಟ್ನಾಂ ಯುದ್ಧದ ಒಂದು ಕತೆ ಕೇಳಿ. 1971ರ ಹೊತ್ತಿಗೆ ಅಲ್ಲಿದ್ದ ಅಮೆರಿಕದ ಸೈನಿಕರಿಗೆ ಹೆರಾಯಿನ್ ಅಗ್ಗವಾಗಿ, ಕಲಬೆರಕೆಯಿಲ್ಲದೆ ಸಿಗುತ್ತಿತ್ತು. ಸೂಜಿಯ ಗೊಡವೆಯೇ ಬೇಡವೆಂದು ಹೆಚ್ಚಿನವರು ಸಿಗರೇಟಿಗೆ ತುಂಬಿ ಸೇದುತ್ತಿದ್ದರು. ಇವರೆಲ್ಲ ಊರಿಗೆ ಮರಳಿದರೆ ಗತಿಯೇನೆಂದು ಸರ್ಕಾರ ಗಾಬರಿಬಿತ್ತು. ಅಧ್ಯಕ್ಷ ನಿಕ್ಸನ್ ಇದನ್ನು ನಿಭಾಯಿಸುವ ಹೊಣೆಯನ್ನು ಮನೋವೈದ್ಯ ಜೆರೋಮ್ ಜಾಫಿ ಅವರಿಗೆ ವಹಿಸಿದರು. ಮೂತ್ರ ಪರೀಕ್ಷೆಯಲ್ಲಿ ಪಾಸಾಗದೆ ಯಾರೂ ವಿಮಾನ ಹತ್ತುವಂತಿಲ್ಲ ಎಂಬ ನಿಯಮ ಬಂತು.

ಆ ಸೆಪ್ಟೆಂಬರಿನಲ್ಲಿ ಮರಳಿದವರ ಪೈಕಿ ಸುಮಾರು 900 ಮಂದಿಯನ್ನು ಸಂಶೋಧಕಿ ಲೀ ರಾಬಿನ್ಸ್ ಹುಡುಕಿ ಮಾತಾಡಿಸಿದರು. ವಿಯೆಟ್ನಾಂನಲ್ಲಿ ಐವರಲ್ಲಿ ಒಬ್ಬ ಚಟಕ್ಕೆ ಬಿದ್ದಿದ್ದ. ಆದರೆ ಅಂಥವರಲ್ಲಿ ಊರಿಗೆ ಬಂದ ಮೇಲೆ ಮೊದಲ ವರ್ಷ ಮತ್ತೆ ಚಟ ಹತ್ತಿದ್ದು ಸುಮಾರು ಶೇ 5 ಮಂದಿಗೆ, ಮೂರು ವರ್ಷ ಕಳೆದಾಗ ಶೇ 12 ಮಂದಿಗೆ. ನಡುವೆ ಒಮ್ಮೊಮ್ಮೆ ಹೆರಾಯಿನ್ ಸೇವಿಸಿದವರು ಅರ್ಧದಷ್ಟಿದ್ದರು. ಅವರಲ್ಲೂ ಬಹುಪಾಲು ಮಂದಿ ಚಟಕ್ಕೆ ಮರಳಲಿಲ್ಲ. ಈ ಲೆಕ್ಕವನ್ನು ಎಷ್ಟೋ ಪರಿಣತರು ನಂಬಲೇ ಇಲ್ಲ.

ಹೀಗಾದದ್ದೇಕೆ ಎಂಬುದಕ್ಕೆ ಒಂದು ಸುಳಿವು ಮಿದುಳಿನಲ್ಲಿದೆ. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಮಂಗಗಳಿಗೆ ದೀಪ ತೋರಿಸಿ ಹಣ್ಣಿನ ರಸ ಕೊಡುತ್ತಿದ್ದರು. ಮೊದಮೊದಲು ಅವುಗಳ ಮಿದುಳಿನ ಡೋಪಮೀನ್ ಕೋಶಗಳು ರಸ ಬಾಯಿಗೆ ಬಿದ್ದಾಗ ಮಿಡಿದವು. ರೂಢಿಯಾದ ಮೇಲೆ ದೀಪ ಹೊತ್ತಿದಾಗಲೇ ಮಿಡಿಯತೊಡಗಿದವು. ಗೆಳೆಯನ ಬೈಕಿನ ಸದ್ದು, ಸಂಬಳದ ದಿನ, ಬಸ್ ಸ್ಟ್ಯಾಂಡಿನ ಹಿಂಬದಿ – ಇವೆಲ್ಲ ವ್ಯಸನಿಯ ಪಾಲಿನ ದೀಪಗಳು. ಸೈನಿಕರ ದೀಪಗಳು ವಿಯೆಟ್ನಾಂನಲ್ಲೇ ಉಳಿದವು. ನಿಮ್ಮ ತಮ್ಮ ಮರಳಿದ್ದು ದೀಪಗಳಿರುವ ಜಾಗಕ್ಕೇ. ಹಾಗೆಂದು ಊರು ಬಿಡಿಸಿದರೆ ಎಲ್ಲ ಸರಿಹೋಗುತ್ತದೆಂದಲ್ಲ. ಎಷ್ಟೋ ಸೈನಿಕರಿಗೆ ಊರಿನಲ್ಲಿ ಕೆಲಸ, ಸಂಸಾರ ಕಾದಿದ್ದವು, ಅಲ್ಲಿ ಹೆರಾಯಿನ್ ದುಬಾರಿಯೂ ಆಗಿತ್ತು. ‘ಇಷ್ಟೇ ದಿನದಲ್ಲಿ ಚಟ ಬಿಡಿಸುತ್ತೇವೆ’ ಎಂಬ ಗೋಡೆ ಬರಹಗಳನ್ನಂತೂ ನಂಬಬೇಡಿ.

ಚಟ ಮರಳಿದ್ದು ಮನೆಯವರಿಗೆ ತಿಳಿಯುವುದು ಎಷ್ಟೋ ಸಲ ತಡವಾಗಿ. ‘ದುಡಿದು ಬಂದು ಸುಸ್ತಾಗಿದ್ದಾನೆ, ಅದಕ್ಕೇ ಸಿಡುಕು’ ಎಂದು ಸುಮ್ಮನಾಗುತ್ತಾರೆ. ಕಣ್ಣು ನೋಡಿ: ಹೆರಾಯಿನ್ ಏರಿದಾಗ ಮಬ್ಬು ಬೆಳಕಿನಲ್ಲೂ ಪಾಪೆ ಗುಂಡುಸೂಜಿಯ ತಲೆಯಷ್ಟಾಗಿರುತ್ತದೆ. ಇಳಿದಾಗ ಪಾಪೆ ಅಗಲವಾಗುತ್ತದೆ. ಮೂಗು ಸೋರುತ್ತದೆ, ಆಕಳಿಕೆ ನಿಲ್ಲುವುದಿಲ್ಲ, ಮೈಕೈ ನೋವು, ಭೇದಿ. ನೆಗಡಿ ಜ್ವರವೆಂದೇ ಅನಿಸುತ್ತದೆ. ಅಂಥ ‘ಜ್ವರ’ ಹೊರಗೆ ಹೋಗಿ ಬಂದ ಅರ್ಧ ಗಂಟೆಯಲ್ಲಿ ಮಾಯವಾದರೆ ಅನುಮಾನಿಸಿ.

ಇನ್ನೊಂದು ಮಾತು ಪ್ರಾಣಕ್ಕೆ ಸಂಬಂಧಿಸಿದ್ದು. ಕೆಲವು ವಾರ ಬಿಟ್ಟ ದೇಹಕ್ಕೆ ಹಳೆಯ ಪ್ರಮಾಣ ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ. ಮೊದಲಿನಷ್ಟೇ ತೆಗೆದುಕೊಂಡರೂ ಉಸಿರು ನಿಲ್ಲಬಹುದು. ಆದ್ದರಿಂದ ಸೆಂಟರಿನಿಂದ ಬಂದ ಮೊದಲ ವಾರಗಳೇ ಅಪಾಯದವು. ಹೆರಾಯಿನ್ ಹಂಬಲ ತಗ್ಗಿಸುವ ಬುಪ್ರೆನಾರ್ಫಿನ್‌ನಂಥ ಔಷಧದ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಹತ್ತಿರದ ಮನೋವೈದ್ಯರಲ್ಲೋ ಕೇಳಿ. ಮೊದಲ ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.