ಹಬ್ಬದ ದಿನವೂ ರಜೆಯ ದಿನವೂ



ಹೊಸ ವರ್ಷದ ಪಂಚಾಂಗ ಕೈಗೆ ಬಂದೊಡನೆ ನಾವು ಮೊದಲು ಹುಡುಕುವುದು ರಜೆಯ ದಿನಗಳನ್ನು. ಕೆಲವು ಹಬ್ಬಗಳು ಕಳೆದ ವರ್ಷದ ತಾರೀಖಿನಲ್ಲಿಯೇ ನಿಂತಿರುತ್ತವೆ. ಕೆಲವು ಹಿಂದೆ ಮುಂದೆ ಸರಿದಿರುತ್ತವೆ. ಇದರ ಕಾರಣವನ್ನು ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿರುವ ಆಲಂಕಾರು ಗ್ರಾಮದಲ್ಲಿ ನಿಂತು ವಿಚಾರಮಾಡೋಣ.

ಅಲ್ಲಿಯ ತುಳುವರು ತಿಂಗಳನ್ನು ಎಣಿಸುವುದು ಸೂರ್ಯಸಂಕ್ರಮಣದಿಂದ. ಇಂಗ್ಲಿಷ್ ಪಂಚಾಂಗವೂ ಸೌರಮಾನದ್ದೇ ಆದುದರಿಂದ ಅವರ ಹಬ್ಬಗಳು ಅದರಲ್ಲಿ ಹೆಚ್ಚು ಕದಲುವುದಿಲ್ಲ. ಬಿಸು ಏಪ್ರಿಲ್ 14 ಅಥವಾ 15ಕ್ಕೆ ಬರುತ್ತದೆ. ಪುತ್ತೂರಿನ ಮಹಾಲಿಂಗೇಶ್ವರನ ಬ್ರಹ್ಮರಥೋತ್ಸವ ವರ್ಷವರ್ಷವೂ ಏಪ್ರಿಲ್ 17ಕ್ಕೆ. ಸಮೀಪದ ಕುಕ್ಕೆಯ ಚಂಪಾಷಷ್ಠಿಯಾದರೋ ನಮ್ಮ ಯುಗಾದಿಯಂತೆ ಚಾಂದ್ರಮಾನದ್ದು. ಹನ್ನೆರಡು ಚಾಂದ್ರಮಾಸಗಳು ಸುಮಾರು 354 ದಿನಗಳು. ಸೌರವರ್ಷಕ್ಕಿಂತ 11 ದಿನ ಕಡಮೆ. ಅಧಿಕಮಾಸವನ್ನು ಸೇರಿಸಿ ಈ ಕೊರತೆಯನ್ನು ತುಂಬುವುದರಿಂದ ಷಷ್ಠಿಯು ಸರಿದರೂ ತನ್ನ ಋತುವನ್ನು ಬಿಡದು. ಅಧಿಕಮಾಸವಿಲ್ಲದ ಮುಸಲ್ಮಾನರ ಗಣನೆಯಲ್ಲಿ ಈದ್ ಹಬ್ಬವು ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ.

ದೂರದ ಮೆಡಿಟರೇನಿಯನ್ ಸಮುದ್ರದಲ್ಲಿರುವ ಮಾಲ್ಟಾ ಎಂಬ ದ್ವೀಪರಾಷ್ಟ್ರದಲ್ಲಿಯೂ ಈ ಎರಡು ಬಗೆಗಳುಂಟು. ಅಲ್ಲಿ ಗುಡ್ ಫ್ರೈಡೆಯು ಹುಣ್ಣಿಮೆಯನ್ನು ಅನುಸರಿಸಿ ಸರಿಯುತ್ತದೆ. ಸಂತ ಪೌಲನ ಹಡಗು ಆ ದ್ವೀಪದ ಬಳಿ ಒಡೆದುದರ ಸ್ಮರಣೆ ಮಾತ್ರ ಫೆಬ್ರವರಿ 10ಕ್ಕೆ ಸ್ಥಿರವಾಗಿದೆ. ಸೆಪ್ಟೆಂಬರ್ 8 ಕೂಡ ಅಲ್ಲಿ ಸಾರ್ವಜನಿಕ ರಜೆ; ಅದು ಮೇರಿಮಾತೆಯ ಜನ್ಮದಿನ, 1565ರ ಮುತ್ತಿಗೆ ಕೊನೆಗೊಂಡುದರ ನೆನಪೂ ಹೌದು. ಅದೇ ದಿನ ದಕ್ಷಿಣ ಕನ್ನಡದ ಕೊಂಕಣಿ ಕ್ರೈಸ್ತರು ಮೊಂತಿ ಹಬ್ಬವನ್ನಾಚರಿಸಿ, ಹರಸಿ ತಂದ ಹೊಸ ತೆನೆಯ ಅಕ್ಕಿಯನ್ನು ಮನೆಯವರೆಲ್ಲ ಕೂಡಿ ಉಣ್ಣುತ್ತಾರೆ. ಅಲ್ಲಿ ಯುದ್ಧದ ನೆನಪು. ಇಲ್ಲಿ ಬೆಳೆಯ ಸಂತೋಷ.

ಮಾಲ್ಟಾದವರು ಹಡಗನ್ನು ನೆನೆಯುವ ಆ ಫೆಬ್ರವರಿ 10ರ ಸುಮಾರಿಗೆ ತುಳುನಾಡಿನಲ್ಲಿ ಕೆಡ್ಡಸ. ಭೂಮಿತಾಯಿ ಋತುಮತಿಯಾದಳೆಂದು ಮೂರು ದಿನ ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ. ಮೇ ತಿಂಗಳ ಕೊನೆಗೆ, ಬೇಶ ಮಾಸದ ಹತ್ತನೆಯ ದಿನ, ಪತ್ತನಾಜೆ. ಮಳೆಗಾಲ ಸಮೀಪಿಸಿತೆಂದು ಕೋಲ ನೇಮಗಳು ನಿಲ್ಲುತ್ತವೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ.

ಈ ಎರಡು ದಿನಗಳಿಗೆ ಸರ್ಕಾರದ ರಜೆಯಿಲ್ಲ. ಗದ್ದೆ ಉಳುವವರಿಗೆ ಅದರ ಅವಶ್ಯಕತೆಯೂ ಇರಲಿಲ್ಲ. ನೇಗಿಲು ನಿಂತರೆ ಅದೇ ರಜೆ. ಇಂದು ಗದ್ದೆಗಳೆಷ್ಟೋ ಅಡಕೆತೋಟಗಳಾಗಿವೆ. ಮಕ್ಕಳು ಪಟ್ಟಣಗಳಲ್ಲಿ ಉದ್ಯೋಗದಲ್ಲಿದ್ದಾರೆ. ಯುಗಾದಿಗೆ ಅವರಿಗೆ ಬಿಡುವುಂಟು, ಕೆಡ್ಡಸಕ್ಕಿಲ್ಲ. ಹೀಗೆಯೇ ನಡೆದರೆ, ಪಂಚಾಂಗದಲ್ಲಿ ಕೆಂಪಕ್ಷರ ಪಡೆಯದ ಹಬ್ಬಗಳು ಹಿರಿಯರೊಡನೆಯೇ ಮರೆಯಾಗಬಹುದು. ಹುರಿದ ಅಕ್ಕಿಯ ಪುಡಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿ, ಇದೇಕೆಂದು ಮಕ್ಕಳಿಗೆ ತಿಳಿಹೇಳಲು ಒಂದು ಸಂಜೆ ಸಾಕು. ಅದಕ್ಕೆ ರಜೆಯ ಅಪ್ಪಣೆ ಬೇಕಿಲ್ಲ.