ಕೂಡಿಸುವ ಕಾನೂನೇ ಬಿಡಿಸುವ ಮೆಟ್ಟಿಲಾಯಿತು

ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನದ ಮಾತು ಬರುವುದು 13ನೇ ಕಲಮಿನಲ್ಲಿ. ಅದಕ್ಕೆ ಮುಂಚೆ 9ನೇ ಕಲಮು ಇದೆ. ಸಕಾರಣವಿಲ್ಲದೆ ಬಿಟ್ಟುಹೋದ ಗಂಡ ಅಥವಾ ಹೆಂಡತಿ ಮರಳಿ ಬಂದು ಸಂಸಾರ ನಡೆಸಬೇಕೆಂದು ಕೋರ್ಟಿನಿಂದ ಆದೇಶ ಪಡೆಯಲು ಅದು ಅವಕಾಶ ಕೊಡುತ್ತದೆ. ವಕೀಲರು ಇದನ್ನು ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ ಎನ್ನುತ್ತಾರೆ. 10ನೇ ಕಲಮು ಪ್ರತ್ಯೇಕ ವಾಸದ್ದು. ಮೊದಲು ಕೂಡಿಸು, ಆಗದಿದ್ದರೆ ದೂರ ಇರಿಸು, ಅದೂ ಆಗದಿದ್ದರೆ ಬಿಡಿಸು ಎಂಬ ಈ ಸರಣಿಯನ್ನು ಯಾವ ಸ್ಮೃತಿಕಾರನೂ ಹಾಕಿಕೊಟ್ಟಿಲ್ಲ. ಅದು ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳಿಂದ ಹೊರಟು, ಮುಂಬೈ ಹೈಕೋರ್ಟನ್ನು ಹಾದು ನಮ್ಮ ಮನೆಗಳಿಗೆ ಬಂದದ್ದು.

ವಿಚ್ಛೇದನವೇ ಪರದೇಶದ ಸರಕು ಎಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ಅರ್ಧ ಸತ್ಯವೂ ಅಲ್ಲ. ಗಂಡ ಹೆಂಡತಿ ಪರಸ್ಪರ ದ್ವೇಷಿಸುತ್ತಿದ್ದರೆ ಬಿಡುಗಡೆ ಉಂಟು, ಒಬ್ಬರಿಗೆ ಮಾತ್ರ ಬೇಡವಾದರೆ ಇಲ್ಲ ಎನ್ನುತ್ತದೆ ಅರ್ಥಶಾಸ್ತ್ರ. ಬ್ರಾಹ್ಮವೇ ಮೊದಲಾದ ಧರ್ಮವಿವಾಹಗಳಿಗೆ ಮಾತ್ರ ಅದೂ ಇಲ್ಲ. ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಪಂಚರ ಮುಂದೆ ಸೋಡಚೀಟಿ, ಅಂದರೆ ಬಿಡುಗಡೆಯ ಪತ್ರ, ಆಗುತ್ತಿತ್ತು, ಬಿಟ್ಟ ಹೆಣ್ಣಿಗೆ ಕೂಡಾವಳಿಯೋ ಸೀರುಡಿಕೆಯೋ ಎಂಬ ಮರುಮದುವೆ ಆಗುತ್ತಿತ್ತು. ಹಿಂದೂ ವಿವಾಹವೆಂದರೆ ಬಿಡಿಸಲಾಗದ ಸಂಸ್ಕಾರ ಎಂಬುದು ಮೇಲ್ಜಾತಿಗಳ ನಿಯಮ. ಬ್ರಿಟಿಷ್ ಕೋರ್ಟುಗಳು ಅದನ್ನೇ ಎಲ್ಲರ ಕಾನೂನೆಂದು ಹಿಡಿದು, ಜಾತಿ ಪಂಚಾಯಿತಿಗಳ ರೂಢಿಯನ್ನು ಅನುಮಾನದಿಂದಲೇ ನೋಡಿದವು. ಜೊತೆಗೆ ತಮ್ಮ ಊರಿನ ಪುನಃಸ್ಥಾಪನೆಯ ದಾವೆಯನ್ನೂ ತಂದವು. 1867ರಲ್ಲಿ ಒಂದು ಮುಸ್ಲಿಂ ದಂಪತಿಯ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ಅದಕ್ಕೆ ಮುದ್ರೆ ಒತ್ತಿತು.

ಈ ದಾವೆಯ ನಿಜವಾದ ಮುಖ ಬಯಲಾದದ್ದು 1884ರಲ್ಲಿ, ದಾದಾಜಿ ಭಿಕಾಜಿ ಎಂಬಾತ ರುಖ್ಮಾಬಾಯಿಯ ಮೇಲೆ ಮುಂಬೈಯಲ್ಲಿ ದಾವೆ ಹೂಡಿದಾಗ. ಮದುವೆಯಾದಾಗ ಆಕೆಗೆ 11 ವರ್ಷ, ಆತನಿಗೆ 19. ಆಕೆ ಗಂಡನ ಮನೆಗೆ ಹೋಗಲೇ ಇಲ್ಲ. ಮಲತಂದೆ ಡಾ. ಸಖಾರಾಮ ಅರ್ಜುನರ ಮನೆಯಲ್ಲಿ ಓದಿಕೊಂಡು ಬೆಳೆದಳು. ಇವರು ಸುತಾರ ಜಾತಿಯವರು. ಅಲ್ಲಿ ವಿಧವೆಯ ಮರುಮದುವೆಗೆ ಅಡ್ಡಿಯಿರಲಿಲ್ಲ. ಆಕೆಯ ತಾಯಿಯೇ ಹಾಗೆ ಎರಡನೇ ಮದುವೆಯಾದವಳು. ಇಂಥ ಮನೆಯ ಹೆಣ್ಣನ್ನು ಕಟ್ಟಿಹಾಕಲು ಎತ್ತಿಕೊಂಡದ್ದು ಸಂಸ್ಕಾರದ ವಾದವನ್ನು!

1885ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಪಿನ್ಹೇ ದಾವೆಯನ್ನು ವಜಾ ಮಾಡಿದರು. ಅವರ ತರ್ಕ ಸರಳ: ಸಂಸಾರ ಶುರುವೇ ಆಗಿಲ್ಲದಿರುವಾಗ ಪುನಃಸ್ಥಾಪನೆ ಯಾವುದರದು? ಏನೂ ತಿಳಿಯದ ವಯಸ್ಸಿನಲ್ಲಿ ಮದುವೆಯಾದ ಹೆಣ್ಣನ್ನು ಇಷ್ಟವಿಲ್ಲದ ಗಂಡಸಿನ ಬಳಿಗೆ ಅಟ್ಟುವುದು ಅವರಿಗೆ ಅನಾಗರಿಕವಾಗಿ ಕಂಡಿತು. ಅದೇ ವರ್ಷ ಟೈಮ್ಸ್ ಆಫ್ ಇಂಡಿಯಾದಲ್ಲಿ ‘ಹಿಂದೂ ಲೇಡಿ’ ಎಂಬ ಹೆಸರಿನಲ್ಲಿ ಬಾಲ್ಯವಿವಾಹದ ವಿರುದ್ಧ ಪತ್ರಗಳು ಅಚ್ಚಾಗಿದ್ದವು; ಬರೆದವಳು ರುಖ್ಮಾಬಾಯಿಯೇ. ತಿಲಕರ ಪಾಳೆಯ ಕೆರಳಿತು. ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಫಲ ಇದು ಎಂಬ ಧಾಟಿಯಲ್ಲಿ ಪತ್ರಿಕೆಗಳು ಹರಿಹಾಯ್ದವು. ಮೇಲ್ಮನವಿಯಲ್ಲಿ ಪಿನ್ಹೇ ತೀರ್ಪು ಬಿದ್ದುಹೋಯಿತು. 1887ರ ಮಾರ್ಚ್ 4ರಂದು ನ್ಯಾಯಮೂರ್ತಿ ಫ್ಯಾರನ್, ಒಂದು ತಿಂಗಳೊಳಗೆ ಗಂಡನ ಮನೆ ಸೇರಬೇಕು, ಇಲ್ಲವೇ ಆರು ತಿಂಗಳ ಸೆರೆವಾಸ ಎಂದರು. ಆಕೆ ಜೈಲಿಗೆ ಸಿದ್ಧಳೆಂದಳು.

ಇಲ್ಲೊಂದು ವ್ಯಂಗ್ಯ ಇದೆ. ಮೂಲ ದೇಶವಾದ ಇಂಗ್ಲೆಂಡು ಇದೇ ಅಪರಾಧಕ್ಕಿದ್ದ ಜೈಲನ್ನು 1884ರಲ್ಲೇ, ಅಂದರೆ ದಾದಾಜಿ ದಾವೆ ಹೂಡಿದ ವರ್ಷವೇ, ಕೈಬಿಟ್ಟಿತ್ತು. ಆದೇಶ ಮೀರಿದವರು ಸಂಗಾತಿಯನ್ನು ತೊರೆದಂತೆ ಎಂದು ಎಣಿಸಿ ಪ್ರತ್ಯೇಕ ವಾಸಕ್ಕೆ ದಾರಿ ಮಾಡಿತ್ತು. ಕೂಡಿಸುವ ದಾವೆಯಿಂದ ಬಿಡಿಸುವತ್ತ ಸಾಗುವ ಮೆಟ್ಟಿಲು ಹುಟ್ಟಿದ್ದು ಅಲ್ಲಿ. ಭಾರತದಲ್ಲಿ ಜೈಲು 1923ರವರೆಗೆ ಉಳಿಯಿತು.

ವಿಕ್ಟೋರಿಯಾ ರಾಣಿ ಈ ಮದುವೆಯನ್ನು ರದ್ದು ಮಾಡಿದಳು ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಕಥೆ ಚೆಂದ, ಆದರೆ ವ್ಯಾಜ್ಯ ಮುಗಿದದ್ದು ರಾಜಿಯಲ್ಲಿ: 1888ರಲ್ಲಿ ದಾದಾಜಿ 2,000 ರೂಪಾಯಿ ಪಡೆದು ಆದೇಶವನ್ನು ಜಾರಿ ಮಾಡಿಸುವುದಿಲ್ಲವೆಂದು ಒಪ್ಪಿದ. ವಿಚ್ಛೇದನ ಎಂಬುದು ಆಕೆಗೆ ಸಿಗಲಿಲ್ಲ. ಹಿಂದೂ ಹೆಣ್ಣಿಗೆ ಅದನ್ನು ಕೊಡುವ ಶಾಸನವೇ ಇರಲಿಲ್ಲ. ಆತ ಇನ್ನೊಂದು ಮದುವೆಯಾದ. ಆಕೆ ಲಂಡನ್ನಿಗೆ ಹೋಗಿ ವೈದ್ಯಕೀಯ ಓದಿ ಬಂದು, ಸೂರತ್ ಮತ್ತು ರಾಜಕೋಟೆಗಳಲ್ಲಿ ದಶಕಗಳ ಕಾಲ ವೈದ್ಯೆಯಾಗಿ ದುಡಿದಳು.

ಶಾಸನ ಬಂದದ್ದು ತುಂಡುತುಂಡಾಗಿ. 1931ರಲ್ಲಿ ಸಯಾಜಿರಾವ್ ಗಾಯಕವಾಡರ ಬರೋಡಾ ಸಂಸ್ಥಾನ ಹಿಂದೂ ವಿಚ್ಛೇದನ ಕಾನೂನು ಮಾಡಿತು. 1947ರ ಮುಂಬೈ ಕಾನೂನು ಧಾರವಾಡ, ಬೆಳಗಾವಿ, ಬಿಜಾಪುರಗಳಿಗೂ, 1949ರ ಮದ್ರಾಸ್ ಕಾನೂನು ದಕ್ಷಿಣ ಕನ್ನಡ, ಬಳ್ಳಾರಿಗಳಿಗೂ ಅನ್ವಯಿಸಿತು. ಇಡೀ ದೇಶಕ್ಕೊಂದು ಹಿಂದೂ ಸಂಹಿತೆಯ ಕರಡು ತಯಾರಿಸಿದ ಸಮಿತಿಗೆ ದಕ್ಷಿಣ ಕನ್ನಡದ ಬೆನಗಲ್ ನರಸಿಂಗ ರಾವ್ ಅಧ್ಯಕ್ಷರು. ಮಸೂದೆ ನೆನೆಗುದಿಗೆ ಬಿದ್ದು, ಅಂಬೇಡ್ಕರ್ 1951ರಲ್ಲಿ ಸಂಪುಟಕ್ಕೆ ರಾಜೀನಾಮೆ ಕೊಟ್ಟ ಮೇಲೆ ಅದು ಹೋಳಾಗಿ ಪಾಸಾಯಿತು. ವಿವಾಹ ಕಾಯ್ದೆ ಜಾರಿಗೆ ಬಂದದ್ದು 1955ರ ಮೇ 18ರಂದು. ಅದೇ ಸೆಪ್ಟೆಂಬರಿನಲ್ಲಿ ರುಖ್ಮಾಬಾಯಿ ತೀರಿಕೊಂಡರು. ಅವರನ್ನು ಕಾಡಿದ ದಾವೆ ಹೊಸ ಕಾಯ್ದೆಯಲ್ಲಿ 9ನೇ ಕಲಮಾಗಿ ಕುಳಿತಿತ್ತು.

ಆ ಕಾಯ್ದೆಯ ಮೂಲ ರೂಪ ಬಲು ಬಿಗಿ. ಕ್ರೌರ್ಯಕ್ಕೆ ವಿಚ್ಛೇದನವೇ ಇರಲಿಲ್ಲ. ಹೊಡೆತ ತಿಂದವಳು ಮೊದಲು ಪ್ರತ್ಯೇಕ ವಾಸದ ಡಿಕ್ರಿ ಪಡೆದು ಎರಡು ವರ್ಷ ಕಾಯಬೇಕಿತ್ತು. ಕೂಡಿ ಬಾಳಿ ಎಂಬ ಆದೇಶ ಎರಡು ವರ್ಷ ಪಾಲನೆಯಾಗದಿದ್ದರೂ ವಿಚ್ಛೇದನಕ್ಕೆ ಕಾರಣ ಸಿಗುತ್ತಿತ್ತು. 1964ರ ತಿದ್ದುಪಡಿಯಿಂದ ಆ ಕಾರಣ ಆದೇಶ ಪಡೆದವರಿಗೂ ಅದನ್ನು ಪಾಲಿಸದವರಿಗೂ, ಇಬ್ಬರಿಗೂ ಸಿಕ್ಕಿತು. 1976ರಲ್ಲಿ ಕಾಯುವ ಅವಧಿ ಒಂದು ವರ್ಷಕ್ಕಿಳಿಯಿತು, ಕ್ರೌರ್ಯವೂ ಪರಿತ್ಯಾಗವೂ ನೇರ ಕಾರಣಗಳಾದವು, ಪರಸ್ಪರ ಒಪ್ಪಿಗೆಯ ವಿಚ್ಛೇದನ 13ಬಿ ಆಗಿ ಸೇರಿತು.

ಮೆಟ್ಟಿಲು ಹೇಗೆ ಬಳಕೆಯಾಯಿತೆಂಬುದಕ್ಕೆ ಪಂಜಾಬಿನ ಒಂದು ಮೊಕದ್ದಮೆ ಸಾಕು. ಮನೆಯಿಂದ ಹೊರಹಾಕಿಸಿಕೊಂಡ ಹೆಂಡತಿ 9ನೇ ಕಲಮಿನಡಿ ಅರ್ಜಿ ಹಾಕಿದಳು. ಗಂಡ ತಕರಾರಿಲ್ಲದೆ ಡಿಕ್ರಿಗೆ ಒಪ್ಪಿದ. ವರ್ಷ ಕಳೆಯುತ್ತಲೇ, ನಾವು ಕೂಡಿ ಬಾಳಿಲ್ಲ, ಆದ್ದರಿಂದ ಬಿಡುಗಡೆ ಕೊಡಿ ಎಂದು ಅವನೇ ಕೋರ್ಟಿಗೆ ಬಂದ. 1984ರಲ್ಲಿ ಸುಪ್ರೀಂ ಕೋರ್ಟ್ ವಿಚ್ಛೇದನವನ್ನು ಎತ್ತಿಹಿಡಿಯಿತು. ಗಂಡ ಬೇಕೆಂದು ಬಂದವಳು ಗಂಡನಿಲ್ಲದೆ ಹೋದಳು. ಹಿಂದಿನ ವರ್ಷವಷ್ಟೇ ಆಂಧ್ರ ಹೈಕೋರ್ಟಿನ ನ್ಯಾಯಮೂರ್ತಿ ಚೌಧರಿ ಈ ಕಲಮು ಸಂವಿಧಾನಬಾಹಿರ ಎಂದಿದ್ದರು; ಅದನ್ನು ತಳ್ಳಿಹಾಕಿದ್ದೂ ಇದೇ ತೀರ್ಪು. ಮದುವೆ ಮುರಿಯದಂತೆ ತಡೆಯುವ ಸಾಮಾಜಿಕ ಉದ್ದೇಶ ಈ ಕಲಮಿಗಿದೆಯಂತೆ! ಇಂಗ್ಲೆಂಡಾದರೋ 1970ರಲ್ಲೇ ಇದನ್ನು ಕಿತ್ತುಹಾಕಿತ್ತು.

13ಬಿ ಅಡಿ ಬರುವವರಿಗೂ ಕಾಯುವುದು ತಪ್ಪಿಲ್ಲ. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಳೆಯಬೇಕು. ಮೀಡಿಯೇಷನ್, ಕೌನ್ಸೆಲಿಂಗ್ ಎಂದು ಫ್ಯಾಮಿಲಿ ಕೋರ್ಟಿಗೆ ಓಡಾಟ ಬೇರೆ. ರಾಜಿ ಸಾಧ್ಯವೇ ಇಲ್ಲದ ಕಡೆ ಈ ಆರು ತಿಂಗಳನ್ನು ಬಿಟ್ಟುಕೊಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಸರಿಪಡಿಸಲಾಗದಷ್ಟು ಮುರಿದ ಮದುವೆ ಎಂಬುದನ್ನೇ ಕಾರಣವಾಗಿಸಿ ಎಂದು ಕಾನೂನು ಆಯೋಗ 1978ರಲ್ಲೇ ಶಿಫಾರಸು ಮಾಡಿತ್ತು. ಅದಕ್ಕಾಗಿ ತಂದ ಮಸೂದೆ 2013ರಲ್ಲಿ ರಾಜ್ಯಸಭೆ ದಾಟಿಯೂ ಕಾಯ್ದೆಯಾಗಲಿಲ್ಲ. 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಪೀಠ, ಸಂವಿಧಾನದ 142ನೇ ವಿಧಿಯಡಿ ಈ ಕಾರಣಕ್ಕೆ ವಿಚ್ಛೇದನ ಕೊಡುವ ಅಧಿಕಾರ ಸುಪ್ರೀಂ ಕೋರ್ಟಿಗಿದೆ ಎಂದಿತು. ಅದು ಕಕ್ಷಿದಾರರ ಹಕ್ಕಲ್ಲ, ನ್ಯಾಯಾಲಯದ ವಿವೇಚನೆ ಎಂದೂ ಸೇರಿಸಿತು. ಧಾರವಾಡದ್ದಾಗಲಿ ಮಂಗಳೂರಿನದ್ದಾಗಲಿ, ಫ್ಯಾಮಿಲಿ ಕೋರ್ಟಿಗೆ ಆ ಅಧಿಕಾರವಿಲ್ಲ.