ಎಂಜಿನ್ ದೀಪ ಹೊತ್ತಿದಾಕ್ಷಣ ಇಸಿಯು ಸತ್ತಿರುವುದಿಲ್ಲ

ಮಳೆಗಾಲದಲ್ಲಿ ಶಿರಸಿ ಹತ್ತಿರದ ಭೈರುಂಬೆ ಕಡೆ ಈ ಸುದ್ದಿ ಕಿವಿಗೆ ಬೀಳದೇ ಇರುವುದಿಲ್ಲ: ‘ಕಾರಿನ ಕಂಪ್ಯೂಟರ್ ಹೋಯ್ದಡ.’ ಹೇಳಿದ್ದು ಯಾರು? ಸ್ಕ್ಯಾನರ್ ಅಂತೆ. ಪಾಪ, ಹೆಚ್ಚಿನ ಸಲ ಸ್ಕ್ಯಾನರ್ ಹಾಗೆ ಹೇಳಿರುವುದೇ ಇಲ್ಲ.

ನಾಲ್ಕಾರು ಸೆನ್ಸರ್‌ಗಳ ಕೋಡ್ ಒಟ್ಟಿಗೇ ಬಂದಿವೆ, ಅಷ್ಟೂ ಒಮ್ಮೆಲೇ ಹಾಳಾಗಲಾರವು, ಹಾಗಾಗಿ ಇಸಿಯುವೇ, ಅಂದರೆ ಎಂಜಿನ್ ನಡೆಸುವ ಆ ಕಂಪ್ಯೂಟರೇ, ಹೋಗಿದೆ ಎಂಬುದು ವಾದ. ಕೇಳಲು ಚಂದ, ಆದರೆ ತಪ್ಪು. ಹಲವು ಸೆನ್ಸರ್‌ಗಳಿಗೆ ಇಸಿಯು ಒಂದೇ 5 ವೋಲ್ಟ್ ಲೈನಿನಿಂದ ಕರೆಂಟು ಹಂಚುತ್ತದೆ. ಒಂದು ಶಾರ್ಟ್ ಆದರೆ ಲೈನೇ ಕುಸಿದು, ಉಳಿದವೂ ಸುಳ್ಳು ಲೆಕ್ಕ ಕೊಡುತ್ತವೆ. ಮೀಟರ್ ಹಿಡಿದು ಒಂದೊಂದೇ ಸೆನ್ಸರ್ ಕಳಚುತ್ತ ಹೋಗಿ. ಯಾವುದನ್ನು ತೆಗೆದಾಗ 5 ವೋಲ್ಟ್ ಮರಳಿತೋ ದೋಷ ಅಲ್ಲೇ. ಎಲ್ಲ ಕಳಚಿದರೂ ಮರಳದಿದ್ದರೆ ಮುಂದೆ ನೋಡಬೇಕಾದದ್ದು ವೈರಿಂಗ್.

ಸ್ಕ್ಯಾನರ್‌ಗೆ ಇಸಿಯು ಉತ್ತರವನ್ನೇ ಕೊಡುತ್ತಿಲ್ಲವೇ? ಆಗಲೂ ಮೊದಲು ಫ್ಯೂಸ್, ಮೇನ್ ರಿಲೇ, ಅರ್ಥ್ ವೈರು. ಬಹಳಷ್ಟು ಕಾರುಗಳಲ್ಲಿ ಬ್ಯಾಟರಿ ಕಳಚಿ, ಸ್ಕ್ಯಾನರ್ ಜೋಡಿಸುವ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನಿನ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಕ್ಯಾನ್ ಲೈನ್, ಅಂದರೆ ಕಾರಿನ ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ತಂತಿ, ಎಲ್ಲೋ ತುಂಡಾಗಿರಬಹುದು. ನಮ್ಮ ಕಡೆ ಇಲಿ ಕಡಿದ ವೈರಿಗೂ ನೀರಿಳಿದು ಹಸಿರುಗಟ್ಟಿದ ಪಿನ್ನಿಗೂ ಬರವೇ?

ಇಸಿಯು ಕೆಡುವುದೇ ಇಲ್ಲವೆಂದಲ್ಲ. ಪವರ್, ಅರ್ಥ್, ಸೆನ್ಸರ್ ಸಿಗ್ನಲ್ ಎಲ್ಲ ಸರಿಯಿದ್ದು, ವೈರಿಂಗೂ ಸರಿಯಿದ್ದು, ಇಂಜೆಕ್ಟರ್‌ಗೋ ಕಾಯಿಲ್‌ಗೋ ಆದೇಶ ಹೊರಡದಿದ್ದರೆ ಆಗ ಪೆಟ್ಟಿಗೆ ಬಿಚ್ಚಿ. ಒಳಗೆ ಡ್ರೈವರ್ ಟ್ರಾನ್ಸಿಸ್ಟರ್ ಸುಟ್ಟಿರಬಹುದು, ಬೆಸುಗೆ ಬಿರುಕು ಬಿಟ್ಟಿರಬಹುದು. ಬಿಡಿಭಾಗ ಬದಲಿಸಿ ಸರಿಪಡಿಸಲು ಬರುತ್ತದೆ. ಆದರೆ ಡ್ರೈವರ್ ಸುಡಲು ಕಾರಣವಾದ, ಶಾರ್ಟ್ ಆದ ಕಾಯಿಲ್ ಹಾಗೇ ಉಳಿದರೆ ಹೊಸ ಇಸಿಯುವೂ ಸುಡುತ್ತದೆ.

ಉಳಿದ ನಂಬಿಕೆಗಳಿಗೆ ಇಷ್ಟು ಸಾಕು: ಬ್ಯಾಟರಿ ಟರ್ಮಿನಲ್ ಕಳಚಿ ಹಾಕಿದರೆ ಕೋಡ್ ಅಳಿಸಬಹುದು, ದೋಷ ಅಳಿಯದು. ಗುಜರಿಯಿಂದ ತಂದ ಇಸಿಯು ಹಾಕಿದರೆ, ಇಮೊಬಿಲೈಸರ್ ಇರುವ ಕಾರು ಹೊಂದಾಣಿಕೆ ಮಾಡಿಸದೆ ಸ್ಟಾರ್ಟ್ ಆಗದು. ನೆನೆದ ಇಸಿಯುವನ್ನು ಅಕ್ಕಿಯಲ್ಲಿ ಹುಗಿದರೆ ಪಿನ್ನಿನ ತುಕ್ಕು ಹೋಗದು.

ಶಿರಸಿ ಪೇಟೆಯಲ್ಲಿ ರಾಶಿ ಅಡಿಕೆಯ ದರಕ್ಕೆ ಅರ್ಧ ದಿನ ಚರ್ಚೆ ಮಾಡುವ ಜಾಣರು, ಪರದೆಯ ಮೇಲೆ ನಾಲ್ಕಕ್ಷರ ಕಂಡೊಡನೆ ಸಾವಿರಗಟ್ಟಲೆ ಎಣಿಸುತ್ತಾರೆ. ಯಂತ್ರ ಹೇಳಿತೆಂದರೆ ಪ್ರಶ್ನೆ ಕೇಳುವುದನ್ನೇ ಬಿಡುವ ಕಾಲವಿದು. ಇಸಿಯು ಬದಲಿಸಬೇಕೆಂದರೆ ‘ಪವರ್, ಅರ್ಥ್ ಅಳೆದು ತೋರಿಸಿ’ ಎನ್ನಿ. ತೋರಿಸದಿದ್ದರೆ ಬೇರೆ ಗ್ಯಾರೇಜ್ ನೋಡಿ.